ಹಜರ್ ಬೆಟ್ಟದ ಹಾದಿ: ಹತ್ತುವ ಮುನ್ನ ಇಳಿಯಲು ಕಲಿಯಿರಿ

ಗಲ್ಫ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತದೆ? ಮರಳುಗಾಡು, ಒಂಟೆ, ಗಾಜಿನ ಗೋಪುರಗಳು, ಬಿಸಿಲಲ್ಲಿ ದುಡಿಯುವ ನಮ್ಮವರು. ಆದರೆ ಅದೇ ಗಲ್ಫಿನ ಪೂರ್ವದ ಅಂಚಿನಲ್ಲಿ ದೊಡ್ಡದೊಂದು ಪರ್ವತ ಶ್ರೇಣಿಯಿದೆ. ಅದರ ಹೆಸರು ಹಜರ್. ಅರಬಿಯಲ್ಲಿ ಹಜರ್ ಎಂದರೆ ಕಲ್ಲು. ಹೆಸರಿಗೆ ತಕ್ಕಂತೆ ಅದು ಬರೀ ಕಲ್ಲಿನ ಬೆಟ್ಟ. ಮುಸಂದಮ್‌ನಿಂದ ಹಿಡಿದು ಒಮಾನಿನ ಪೂರ್ವ ತುದಿಯ ತನಕ ಅದು ಹಬ್ಬಿದೆ. ನಮ್ಮ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ 1,930 ಮೀಟರ್. ಹಜರ್ ಶ್ರೇಣಿಯ ಜಬಲ್ ಶಮ್ಸ್ ಸುಮಾರು 3,000 ಮೀಟರ್. ಚಳಿಗಾಲದ ರಾತ್ರಿಗಳಲ್ಲಿ ಅಲ್ಲಿ ನೀರು ಹೆಪ್ಪುಗಟ್ಟುವುದೂ ಉಂಟು.

ಮಸ್ಕತ್, ಸೋಹಾರ್, ದುಬೈ, ಶಾರ್ಜಾಗಳಲ್ಲಿ ನೆಲೆಸಿರುವ ಕರಾವಳಿಯ ಕುಟುಂಬಗಳಿಗೆ ಈ ಬೆಟ್ಟ ಈಗ ಅಪರಿಚಿತವಲ್ಲ. ನಾಲ್ಕೈದು ಕುಟುಂಬಗಳು ಸೇರಿ, ನಾಲ್ಕೈದು ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ, ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರುವ ಪ್ರವಾಸ ರಜಾದಿನದ ದೊಡ್ಡ ಖುಷಿಯಾಗಿದೆ. ವಾರವಿಡೀ ಫ್ಲ್ಯಾಟಿನ ನಾಲ್ಕು ಗೋಡೆಗಳ ನಡುವೆ ಕಳೆಯುವ ಗೃಹಿಣಿಯರಿಗೂ ಮಕ್ಕಳಿಗೂ ಇದು ಬೇಕೇ ಬೇಕು. ಆದರೆ ಈ ಖುಷಿಯ ಪಕ್ಕದಲ್ಲೇ ಪ್ರಪಾತವಿದೆ ಎಂಬುದನ್ನು ಮರೆಯಬಾರದು. ಹೋಗುವುದು ಬೇಡ ಎನ್ನಲು ಈ ಲೇಖನವಲ್ಲ. ಹೋಗಿ, ಎಲ್ಲರೂ ಒಟ್ಟಾಗಿ ಮರಳಿ ಬನ್ನಿ ಎನ್ನುವುದಕ್ಕಾಗಿ.

ಒಂದು ದಿನದ ದಾರಿ

ಒಮಾನಿನಲ್ಲಿ ಬಹುಕಾಲದಿಂದ ಹೆಸರಾದ ಬೆಟ್ಟದ ಹಾದಿಯೊಂದಿದೆ. ಮಸ್ಕತ್‌ನಿಂದ ಹೆದ್ದಾರಿ ಹಿಡಿದು ಹಳೆಯ ರಾಜಧಾನಿ ನಿಝ್ವಾದ ಕಡೆ ಹೋಗುತ್ತೀರಿ. ಅಲ್ಲಿಂದ ಮುಂದೆ ಅಲ್ ಹಮ್ರಾ. ಮಣ್ಣಿನ ಹಳೆಯ ಮನೆಗಳಿರುವ ಈ ಪಟ್ಟಣದಿಂದ ರಸ್ತೆ ಮೇಲೇರತೊಡಗುತ್ತದೆ. ಸುಮಾರು 2,000 ಮೀಟರ್ ಎತ್ತರದ ಶರಫ್ ಅಲ್ ಅಲಮೈನ್ ಎಂಬ ನೆತ್ತಿಗೆ ತಲುಪಿದಾಗ ಎರಡೂ ಕಡೆಯ ಕಣಿವೆಗಳು ಕಾಣಿಸುತ್ತವೆ. ಚಳಿಗಾಳಿ ಬೀಸುತ್ತದೆ. ಮಕ್ಕಳಿಗೆ ಸ್ವೆಟರ್ ತಂದಿದ್ದರೆ ಚೆನ್ನಾಗಿತ್ತು ಎಂದು ತಾಯಂದಿರಿಗೆ ಅನಿಸುವುದು ಇಲ್ಲಿಯೇ.

ನಿಜವಾದ ಹಾದಿ ಇಲ್ಲಿಂದ ಆರಂಭ. ಇನ್ನೊಂದು ಬದಿಗೆ, ಸುಮಾರು ಸಾವಿರ ಮೀಟರ್ ಕೆಳಗೆ, ಹಾತ್ ಮತ್ತು ಬಿಲಾದ್ ಸೈತ್ ಎಂಬ ಹಳ್ಳಿಗಳಿವೆ. ಬೆಟ್ಟದ ಮೈ ಕಡಿದು ಮಾಡಿದ ಕಿರಿದಾದ ಹಾದಿ ಅಂಕುಡೊಂಕಾಗಿ ಇಳಿಯುತ್ತದೆ. ಆಗುಂಬೆಯ 14 ತಿರುವುಗಳನ್ನು ಕಂಡವರಿಗೆ ತಿರುವು ಹೊಸತಲ್ಲ. ಆದರೆ ಆಗುಂಬೆಯಲ್ಲಿ ಡಾಮರಿದೆ, ತಡೆಗೋಡೆಯಿದೆ, ಮರಗಳಿವೆ. ಇಲ್ಲಿ ಜಲ್ಲಿಕಲ್ಲು, ಧೂಳು ಮತ್ತು ಆಕಾಶ. ಕೆಳಗಿಳಿದ ಮೇಲೆ ವಾದಿ ಬನೀ ಔಫ್ ಎಂಬ ಕಣಿವೆಯ ಮೂಲಕ ಸಾಗಿ ಅವಾಬಿಯ ಬಳಿ ಡಾಮರು ರಸ್ತೆ ಸೇರುತ್ತೀರಿ. ದಾರಿಯಲ್ಲಿ ಬೋಳುಬೆಟ್ಟಗಳ ನಡುವೆ ಹಸಿರು ಫುಟ್ಬಾಲ್ ಮೈದಾನವೊಂದು ಕಾಣಿಸುತ್ತದೆ. ಮಕ್ಕಳು ಕುಣಿದಾಡುತ್ತಾರೆ. ಅಲ್ಲಿಂದ ನಖಲ್‌ನ ಕೋಟೆ, ಅದರ ಬಳಿಯ ಬಿಸಿನೀರಿನ ಬುಗ್ಗೆ ನೋಡಿಕೊಂಡು ಮಸ್ಕತ್‌ಗೆ ಮರಳಬಹುದು.

ಇಂತಹ ಹಾದಿಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ಒಂದು ಕಡೆ ಹೊಸದಾಗಿ ಡಾಮರು ಬೀಳುತ್ತದೆ, ಇನ್ನೊಂದು ಕಡೆ ಒಂದೇ ಮಳೆಗೆ ದಾರಿ ಕೊಚ್ಚಿ ಹೋಗುತ್ತದೆ. ಆದ್ದರಿಂದ ಕಳೆದ ವರ್ಷ ಹೋದವರ ಮಾತನ್ನು ನಂಬಿ ಹೊರಡಬೇಡಿ. ಆ ವಾರ ಹೋದವರನ್ನು, ಇಲ್ಲವೇ ಅಲ್ ಹಮ್ರಾದ ಪೆಟ್ರೋಲ್ ಬಂಕಿನಲ್ಲಿ ಸ್ಥಳೀಯರನ್ನು ಕೇಳಿ. ನಮ್ಮವರು ಅಲ್ಲೇ ಕೆಲಸದಲ್ಲಿದ್ದರೆ ಇನ್ನೂ ಒಳ್ಳೆಯದು.

ನಿಮ್ಮ ವಾಹನ ನಿಜವಾಗಿಯೂ ಫೋರ್ ವೀಲ್ ಡ್ರೈವೇ?

ಇದು ತಮಾಷೆಯ ಪ್ರಶ್ನೆಯಲ್ಲ. ಎತ್ತರದ ಗಾಡಿಯೆಲ್ಲ ಫೋರ್ ವೀಲ್ ಡ್ರೈವ್ ಅಲ್ಲ. ಮಾರುಕಟ್ಟೆಯಲ್ಲಿರುವ ಹಲವು ದೊಡ್ಡ ಗಾಡಿಗಳಲ್ಲಿ ಎಂಜಿನಿನ ಶಕ್ತಿ ಎರಡೇ ಚಕ್ರಗಳಿಗೆ ಹೋಗುತ್ತದೆ. ಜಬಲ್ ಅಖ್ದರ್ ಎಂಬ ಇನ್ನೊಂದು ಪ್ರಸಿದ್ಧ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಬಿರ್ಕತ್ ಅಲ್ ಮೌಝ್ ಊರು ದಾಟಿದ ಮೇಲೆ, ಪೊಲೀಸರ ತಪಾಸಣೆಯಿದೆ. ಮೇಲಿನ ತನಕ ಒಳ್ಳೆಯ ಡಾಮರು ರಸ್ತೆಯಿದ್ದರೂ ಅಲ್ಲಿಂದ ಮುಂದೆ ಸಾಮಾನ್ಯ ಕಾರುಗಳಿಗೆ ಪ್ರವೇಶವಿಲ್ಲ ಎಂಬ ನಿಯಮ ಜಾರಿಗೆ ಬಂದದ್ದು ಸುಮ್ಮನೆ ಅಲ್ಲ. ಹತ್ತುವುದಕ್ಕಲ್ಲ, ಇಳಿಯುವುದಕ್ಕೆ ಹೆದರಿ ಆ ನಿಯಮ.

ಇದನ್ನು ಸ್ವಲ್ಪ ವಿವರಿಸಬೇಕು. ಉದ್ದನೆಯ ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಯೇ ಹಿಡಿದರೆ ಏನಾಗುತ್ತದೆ? ಬ್ರೇಕಿನ ಪ್ಯಾಡುಗಳು ಉಜ್ಜಿ ಉಜ್ಜಿ ಕಾಯುತ್ತವೆ. ಆ ಶಾಖಕ್ಕೆ ಬ್ರೇಕ್ ಆಯಿಲ್ ಕುದಿದು ಅದರಲ್ಲಿ ಗುಳ್ಳೆಗಳು ಏಳುತ್ತವೆ. ಆಮೇಲೆ ಪೆಡಲ್ ತುಳಿದರೆ ಅದು ಮೆತ್ತಗೆ ಕೆಳಗೆ ಹೋಗುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಅಪಾಯದ ಮೊದಲ ಸೂಚನೆ ಸುಟ್ಟ ವಾಸನೆ. ಹಿಂದಿನ ಸೀಟಿನಲ್ಲಿ ಕುಳಿತವರಿಗೆ ಅದು ಮೊದಲು ತಿಳಿದರೆ ಕೂಡಲೇ ಹೇಳಬೇಕು. ಹೇಳಿದರೆ ಚಾಲಕ ಸಿಡುಕಬಾರದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ತಾನಾಗಿಯೇ ತಣಿಯಲು ಬಿಡಬೇಕು. ಬಿಸಿ ಚಕ್ರದ ಮೇಲೆ ನೀರು ಸುರಿಯಬಾರದು.

ನಿಜವಾದ ಫೋರ್ ವೀಲ್ ಡ್ರೈವ್ ವಾಹನದಲ್ಲಿ 'ಲೋ' ಎಂಬ ಇನ್ನೊಂದು ಗೇರ್ ಮಟ್ಟವಿರುತ್ತದೆ. ಅದನ್ನು ಹಾಕಿ ಮೊದಲ ಗೇರಿನಲ್ಲಿ ಇಳಿದರೆ ಎಂಜಿನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಗಾಡಿ ನಡೆದಾಡುವ ವೇಗದಲ್ಲಿ ಇಳಿಯುತ್ತದೆ. ಬ್ರೇಕಿಗೆ ಕೆಲಸ ಕಡಿಮೆ. ಇಳಿಜಾರು ಶುರುವಾಗುವ ಮೊದಲೇ ಗಾಡಿ ನಿಲ್ಲಿಸಿ ಇದನ್ನು ಹಾಕಿಕೊಳ್ಳಬೇಕು. ಅರ್ಧ ದಾರಿಯಲ್ಲಿ ತಡಕಾಡುವುದಲ್ಲ. ಪೆಟ್ರೋಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವ ಅಭ್ಯಾಸ ಊರಿನಲ್ಲಿ ಕೆಲವರಿಗಿದೆ. ಬೆಟ್ಟದಲ್ಲಿ ಅದು ಪ್ರಾಣದೊಂದಿಗೆ ಆಟ.

ಇನ್ನೊಂದು ವಿಷಯ. ಊರಿನಲ್ಲಿ ಬಲಗಡೆಯ ಸ್ಟಿಯರಿಂಗ್‌ನಲ್ಲಿ ಕಲಿತವರು ಒಮಾನಿನಲ್ಲಿ ಎಡಗಡೆ ಕುಳಿತು ಓಡಿಸುತ್ತಾರೆ. ನಗರದ ರಸ್ತೆಯಲ್ಲಿ ಇದು ಬೇಗನೆ ರೂಢಿಯಾಗುತ್ತದೆ. ಆದರೆ ಕಿರಿದಾದ ಹಾದಿಯಲ್ಲಿ ಎದುರಿನ ಗಾಡಿಗೆ ದಾರಿ ಬಿಡುವಾಗ, ತನ್ನ ಬಲಗಡೆಯ ಚಕ್ರ ಅಂಚಿನಿಂದ ಎಷ್ಟು ದೂರವಿದೆ ಎಂಬ ಅಂದಾಜು ಸುಲಭವಾಗಿ ಸಿಗುವುದಿಲ್ಲ. ಆಗ ಒಬ್ಬರು ಕೆಳಗಿಳಿದು, ಮುಂದೆ ನಿಂತು, ಕೈಸನ್ನೆಯಿಂದ ದಾರಿ ತೋರಿಸಬೇಕು. ಇದರಲ್ಲಿ ನಾಚಿಕೆಯೇನೂ ಇಲ್ಲ. ಎಷ್ಟೇ ಪಳಗಿದ ಚಾಲಕರಾದರೂ ಹೀಗೆಯೇ ಮಾಡುತ್ತಾರೆ.

ಜೀಪಿನ ಕಥೆಯಲ್ಲಿ ನಮ್ಮದೂ ಒಂದು ಪುಟ

ಮಕ್ಕಳು ದಾರಿಯಲ್ಲಿ ಬೇಸರಪಟ್ಟರೆ ಅವರಿಗೆ ಈ ಕಥೆ ಹೇಳಿ. ಎರಡನೇ ಮಹಾಯುದ್ಧದ ಕಾಲದಲ್ಲಿ, 1941ರಲ್ಲಿ, ಅಮೆರಿಕದ ಸೈನ್ಯಕ್ಕಾಗಿ ವಿಲ್ಲೀಸ್ ಜೀಪು ತಯಾರಾಗತೊಡಗಿತು. ಯುದ್ಧ ಮುಗಿದ ಮೇಲೆ ಅದು ರೈತರ, ತೋಟದವರ, ಬೆಟ್ಟದ ಊರಿನವರ ಗಾಡಿಯಾಯಿತು. ನಮ್ಮಲ್ಲಿ ಅದನ್ನು ಜೋಡಿಸಲು 1947ರಲ್ಲಿ ಆರಂಭಿಸಿದ್ದು ಮಹೀಂದ್ರ ಕಂಪೆನಿ. ಆ ಕಂಪೆನಿ 1945ರಲ್ಲಿ ಹುಟ್ಟಿದಾಗ ಅದರ ಹೆಸರು ಮಹೀಂದ್ರ ಆ್ಯಂಡ್ ಮುಹಮ್ಮದ್! ಮಹೀಂದ್ರ ಸಹೋದರರೊಂದಿಗೆ ಪಾಲುದಾರರಾಗಿದ್ದವರು ಮಲಿಕ್ ಗುಲಾಮ್ ಮುಹಮ್ಮದ್. ದೇಶ ವಿಭಜನೆಯಾದಾಗ ಅವರು ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿಯ ಹೆಸರು ಮಹೀಂದ್ರ ಆ್ಯಂಡ್ ಮಹೀಂದ್ರ ಆಯಿತು. ಒಂದು ಬೋರ್ಡಿನ ಮೇಲಿನ ಎರಡು ಹೆಸರುಗಳಲ್ಲಿ ಒಂದು ದೇಶದ ಕಥೆಯೇ ಅಡಗಿದೆ.

ಆಕಾಶ ನೀಲಿ, ಆದರೂ ಪ್ರವಾಹ

ಈ ಲೇಖನದಲ್ಲಿ ನೀವು ಒಂದೇ ಒಂದು ಭಾಗವನ್ನು ನೆನಪಿಡುವುದಾದರೆ ಇದನ್ನು ನೆನಪಿಡಿ. ಹಜರ್ ಬೆಟ್ಟದಲ್ಲಿ ಜನರನ್ನು ಕೊಲ್ಲುವುದು ಪ್ರಪಾತ ಮಾತ್ರವಲ್ಲ, ನೀರೂ ಕೊಲ್ಲುತ್ತದೆ.

ಅರಬಿಯಲ್ಲಿ ವಾದಿ ಎಂದರೆ ಕಣಿವೆ, ಒಣಗಿದ ಹೊಳೆ. ವರ್ಷದ ಬಹುಪಾಲು ಅದರಲ್ಲಿ ನೀರಿರುವುದಿಲ್ಲ. ಅದಕ್ಕೇ ಅದರ ನಡುವೆಯೇ ದಾರಿ ಹಾದುಹೋಗುತ್ತದೆ. ನಮ್ಮ ಪಶ್ಚಿಮ ಘಟ್ಟದಲ್ಲಿ ಮಳೆ ಬಂದರೆ ಮಣ್ಣು ಕುಡಿಯುತ್ತದೆ, ಮರದ ಬೇರು ಹಿಡಿಯುತ್ತದೆ, ಎಲೆಯ ಹಾಸು ತಡೆಯುತ್ತದೆ. ಹಜರ್‌ನಲ್ಲಿ ಮಣ್ಣೂ ಇಲ್ಲ, ಬೇರೂ ಇಲ್ಲ. ಬೋಳು ಬಂಡೆಯ ಮೇಲೆ ಬಿದ್ದ ನೀರು ಹಂಚಿನ ಮಾಡಿನ ಮೇಲೆ ಬಿದ್ದಂತೆ ಒಂದು ಹನಿಯೂ ಉಳಿಯದೆ ಕೆಳಗೆ ಹರಿಯುತ್ತದೆ. ಹತ್ತಾರು ಕಿಲೋಮೀಟರ್ ದೂರದ ನೆತ್ತಿಯಲ್ಲಿ ಮಳೆ ಸುರಿದರೆ ನೀವು ನಿಂತ ಕಡೆ ಬಿಸಿಲೇ ಇರಬಹುದು. ಆದರೂ ಕೆಸರು ಬಣ್ಣದ ನೀರಿನ ಗೋಡೆ ಕಲ್ಲುಗಳನ್ನು ಉರುಳಿಸುತ್ತಾ ಬರಬಹುದು. ಇಕ್ಕಟ್ಟಾದ ಕಣಿವೆಯಲ್ಲಿ ಓಡಲು ಜಾಗವೂ ಇರುವುದಿಲ್ಲ.

2024ರ ಏಪ್ರಿಲ್ 14ರಂದು ಒಮಾನಿನಲ್ಲಿ ಸುರಿದ ಭಾರಿ ಮಳೆಗೆ ಉತ್ತರ ಶರ್ಖಿಯಾ ಪ್ರಾಂತ್ಯದಲ್ಲಿ ವಾಹನವೊಂದು ಪ್ರವಾಹದಲ್ಲಿ ಕೊಚ್ಚಿಹೋಗಿ ಅದರಲ್ಲಿದ್ದ ಶಾಲಾ ಮಕ್ಕಳು ಪ್ರಾಣ ಕಳೆದುಕೊಂಡರು. ಅವರು ಮೋಜಿಗೆ ಹೋದವರಲ್ಲ. ಶಾಲೆಯಿಂದ ಮನೆಗೆ ಹೊರಟವರು. ಆ ನೆಲದಲ್ಲೇ ಹುಟ್ಟಿದವರ ಮನೆಯಲ್ಲೇ ಇಂತಹ ದುಃಖ ನಡೆಯುವುದಾದರೆ, ದೂರದಿಂದ ಬಂದ ನಾವು ಎಷ್ಟು ಎಚ್ಚರವಿರಬೇಕು?

"ನಮ್ಮದು ದೊಡ್ಡ ಗಾಡಿ, ದಾಟಿಬಿಡುತ್ತೇವೆ" ಎನ್ನುವವರಿಗೆ ಈ ಲೆಕ್ಕ ಸಾಕು. ರಭಸದಿಂದ ಹರಿಯುವ 15 ಸೆಂಟಿಮೀಟರ್ ನೀರು ದೊಡ್ಡವರೊಬ್ಬರನ್ನು ಕೆಡವಬಲ್ಲದು. 30 ಸೆಂಟಿಮೀಟರ್ ನೀರು ಚಿಕ್ಕ ಕಾರನ್ನು ಒಯ್ಯಬಲ್ಲದು. 60 ಸೆಂಟಿಮೀಟರ್ ಹರಿಯುವ ನೀರಿಗೆ ಬಹುತೇಕ ಎಲ್ಲ ವಾಹನಗಳೂ ಸಮಾನ. ಅಂದರೆ ನಿಮ್ಮ ಮೊಣಕಾಲಿಗಿಂತ ಸ್ವಲ್ಪ ಮೇಲೆ! ಗಾಡಿ ತೇಲಿದ ಮೇಲೆ ನಾಲ್ಕು ಚಕ್ರಕ್ಕೂ ಶಕ್ತಿ ಇದ್ದು ಪ್ರಯೋಜನವೇನು? ಚಕ್ರಕ್ಕೆ ಹಿಡಿಯಲು ನೆಲವೇ ಇಲ್ಲ.

ಹರಿಯುವ ವಾದಿಯನ್ನು ಬೇಕೆಂದೇ ದಾಟುವುದು ಒಮಾನಿನಲ್ಲಿ ಕಾನೂನಿನ ಪ್ರಕಾರ ಅಪರಾಧ. ಯುಎಇಯಲ್ಲಿ 2023ರಲ್ಲಿ ಬಂದ ನಿಯಮದಂತೆ ಪ್ರವಾಹ ಬಂದ ಕಣಿವೆಯೊಳಗೆ ಗಾಡಿ ಇಳಿಸಿದರೆ 2,000 ದಿರ್ಹಮ್ ದಂಡ, 23 ಕಪ್ಪು ಅಂಕ, 60 ದಿನ ವಾಹನ ಜಪ್ತಿ. ನೋಡಲು ಗುಂಪು ಸೇರಿದರೂ 1,000 ದಿರ್ಹಮ್ ದಂಡವಿದೆ. ಮೊಬೈಲಿನಲ್ಲಿ ಚಿತ್ರ ತೆಗೆಯಲು ದಂಡೆಗೆ ಓಡುವ ಯುವಕರು ಇದನ್ನು ತಿಳಿದಿರಲಿ.

ಆದ್ದರಿಂದ ಹವಾಮಾನ ಇಲಾಖೆಯ ಎಚ್ಚರಿಕೆ ಇದ್ದರೆ ಹೊರಡಬೇಡಿ. ಹೋದ ಮೇಲೆ ಬೆಟ್ಟದ ನೆತ್ತಿಯಲ್ಲಿ ಕಪ್ಪು ಮೋಡ ಕಂಡರೆ ಕಣಿವೆಗೆ ಇಳಿಯಬೇಡಿ. ವಾದಿಯ ಹಾಸಿನಲ್ಲಿ ಚಾಪೆ ಹಾಸಿ ಊಟಕ್ಕೆ ಕೂರಬೇಡಿ, ಅಲ್ಲಿ ನೆರಳು ಎಷ್ಟೇ ಚೆನ್ನಾಗಿರಲಿ. ನೀರು ಬಂದುಬಿಟ್ಟರೆ ಗಾಡಿಯ ಆಸೆ ಬಿಟ್ಟು ಮಕ್ಕಳೊಂದಿಗೆ ಎತ್ತರಕ್ಕೆ ಹತ್ತಿ. ಪ್ರವಾಹ ಬಂದಂತೆಯೇ ಇಳಿಯುತ್ತದೆ. ಕಾಯುವ ತಾಳ್ಮೆ ಬೇಕು, ಅಷ್ಟೆ. ಒಮಾನಿನ ತುರ್ತು ಸಂಖ್ಯೆ 9999. ಆದರೆ ಕಣಿವೆಯೊಳಗೆ ಮೊಬೈಲಿಗೆ ಸಿಗ್ನಲ್ ಸಿಗದೆ ಹೋಗಬಹುದು. ಹಾಗಾಗಿ ಯಾವ ದಾರಿಯಲ್ಲಿ ಹೋಗುತ್ತೀರಿ, ಎಷ್ಟು ಗಂಟೆಗೆ ಮರಳುತ್ತೀರಿ ಎಂದು ಊರಲ್ಲಿರುವ ಒಬ್ಬರಿಗೆ ಹೇಳಿ ಹೊರಡಿ.

ಗುಂಪು ಏತಕ್ಕೆ?

ಬೆಟ್ಟದ ಹಾದಿಗೆ ಒಂಟಿ ಗಾಡಿಯಲ್ಲಿ ಹೋಗಬಾರದು. ಒಂದು ಗಾಡಿ ಕೆಟ್ಟರೆ ಇನ್ನೊಂದು ಎಳೆಯಬೇಕು, ಒಬ್ಬರಿಗೆ ಪೆಟ್ಟಾದರೆ ಇನ್ನೊಬ್ಬರು ಆಸ್ಪತ್ರೆಗೆ ಓಡಬೇಕು. ಆದರೆ ಗುಂಪಿನಲ್ಲಿ ಒಂದು ಅಪಾಯವೂ ಇದೆ. "ಬನ್ನಿ ಬಾವ, ಏನೂ ಆಗುವುದಿಲ್ಲ, ನಾವೆಲ್ಲ ದಾಟಿದೆವಲ್ಲ" ಎಂದು ಒಬ್ಬರು ಕರೆದರೆ ಸಾಕು, ಕೈ ನಡುಗುತ್ತಿದ್ದರೂ ಇಲ್ಲ ಎನ್ನಲು ಮನಸ್ಸು ಒಪ್ಪುವುದಿಲ್ಲ. ನಾಲ್ಕು ಜನರ ಮುಂದೆ ಸಣ್ಣವರಾಗುತ್ತೇವೆಂಬ ಅಂಜಿಕೆ. ಗುಂಪು ಇರುವುದು ಒಬ್ಬರನ್ನೊಬ್ಬರು ಹುರಿದುಂಬಿಸಲು ಅಲ್ಲ, ಅಗತ್ಯ ಬಿದ್ದಾಗ ತಡೆಯಲು.

ಹೊರಡುವ ಮುನ್ನವೇ ಎಲ್ಲರೂ ಸೇರಿ ಒಂದು ಮಾತು ನಿಶ್ಚಯಿಸಿಕೊಳ್ಳಿ. ಯಾವುದೇ ಗಾಡಿಯಲ್ಲಿ ಯಾರೇ ಆಗಲಿ, ಚಾಲಕನಾಗಲಿ, ಹಿಂದೆ ಕುಳಿತ ತಾಯಿಯಾಗಲಿ, "ಸಾಕು, ಇಲ್ಲಿಂದ ಮರಳೋಣ" ಎಂದರೆ ಮರಳಬೇಕು. ವಾದವಿಲ್ಲ, ಕೊಂಕು ಮಾತಿಲ್ಲ, ಮರುದಿನ ಅದನ್ನು ಹೇಳಿ ನಗುವುದಿಲ್ಲ. ಗಂಡಂದಿರು ಈ ಸಾಲನ್ನು ಎರಡು ಸಲ ಓದಲಿ. "ಸ್ವಲ್ಪ ನಿಧಾನ ಹೋಗಿ" ಎಂದ ಹೆಂಡತಿಗೆ "ನಿನಗೇನು ಗೊತ್ತು" ಎಂದು ಬಾಯಿ ಮುಚ್ಚಿಸುವ ರೂಢಿ ಮನೆಯಲ್ಲೇ ಕೆಟ್ಟದ್ದು, ಬೆಟ್ಟದ ಅಂಚಿನಲ್ಲಿ ಇನ್ನೂ ಕೆಟ್ಟದ್ದು. ಸ್ಟಿಯರಿಂಗ್ ಹಿಡಿದವರ ಕಣ್ಣು ದಾರಿಯ ಮೇಲಿರುತ್ತದೆ. ಪಕ್ಕದಲ್ಲಿ ಕುಳಿತವರಿಗೆ ಅವರು ಕಾಣದ್ದು ಕಾಣಿಸುತ್ತದೆ.

ಹಾಗೆಯೇ, ಲೈಸೆನ್ಸ್ ಇರುವ ಸಹೋದರಿಯರು ಚಾಲನೆಯಲ್ಲಿ ಪಾಲುಗೊಳ್ಳಲು ಹಿಂಜರಿಯಬೇಕಿಲ್ಲ. ಒಮಾನ್, ಯುಎಇಗಳಲ್ಲಿ ಮಹಿಳೆಯರು ಹಿಂದಿನಿಂದಲೂ ವಾಹನ ಓಡಿಸುತ್ತಿದ್ದಾರೆ. ಸೌದಿ ಅರೇಬಿಯಾದಲ್ಲೂ 2018ರ ಜೂನ್‌ನಿಂದ ಆ ಅವಕಾಶ ಸಿಕ್ಕಿದೆ. ಬೆಟ್ಟದ ಹಾದಿಗೆ ಬೇಕಾದದ್ದು ತೋಳಿನ ಬಲವಲ್ಲ, ಸಮಾಧಾನ. ಬೆಟ್ಟದಲ್ಲಿ ಓಡಿಸದಿದ್ದರೂ, ಹೆದ್ದಾರಿಯ ಎರಡು ಗಂಟೆಯಾದರೂ ಅವರು ಓಡಿಸಿದರೆ ಚಾಲಕನ ದಣಿವು ಕಡಿಮೆಯಾಗುತ್ತದೆ.

ಗುಂಪಿನ ನಿಯಮಗಳು ಸರಳ:

• ದಾರಿ ಬಲ್ಲವರು ಮುಂದೆ, ಪಳಗಿದ ಇನ್ನೊಬ್ಬರು ಕೊನೆಯಲ್ಲಿ, ಹೊಸಬರು ನಡುವೆ. ಹಿಂದಿನ ಗಾಡಿ ಕಾಣಿಸದಿದ್ದರೆ ಮುಂದಿನವರು ನಿಲ್ಲಬೇಕು.

• ಕಡಿದಾದ ಜಾಗದಲ್ಲಿ ಒಮ್ಮೆಗೆ ಒಂದೇ ಗಾಡಿ. ಮೊದಲನೆಯದು ಸಮತಟ್ಟು ತಲುಪಿದ ಮೇಲೆ ಎರಡನೆಯದು. ಜಾರಿದರೆ ಒಂದಕ್ಕೊಂದು ಬಡಿಯಬಾರದು.

• ಏರುತ್ತಿರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಏರಿನಲ್ಲಿ ನಿಂತ ಗಾಡಿಗೆ ಮತ್ತೆ ಹೊರಡುವುದು ಕಷ್ಟ.

• ಸೀಟು ಬೆಲ್ಟ್ ಎಲ್ಲರಿಗೂ. ನಿಧಾನ ಹೋಗುತ್ತೇವಲ್ಲ ಎಂದು ಮಕ್ಕಳನ್ನು ಮಡಿಲಲ್ಲಿ ಕೂರಿಸುವುದು, ಕಿಟಕಿಯಿಂದ ಹೊರಗೆ ನಿಲ್ಲಿಸುವುದು ಬೇಡ. ಗಾಡಿ ಮಗುಚಿದಾಗ ಉಳಿಸುವುದು ಬೆಲ್ಟ್ ಮಾತ್ರ.

• ಮರಳಿನಲ್ಲಿ ಟೈರಿನ ಗಾಳಿ ಇಳಿಸುವಂತೆ ಇಲ್ಲಿ ತೀರಾ ಇಳಿಸಬೇಡಿ. ಚೂಪಾದ ಕಲ್ಲು ಟೈರಿನ ಬದಿಯನ್ನು ಸೀಳುತ್ತದೆ. ಸ್ಟೆಪ್ನಿ, ಜಾಕ್, ಪಾನೆ ಇವೆಯೇ ಎಂದು ಮನೆಯಲ್ಲೇ ನೋಡಿ.

• ಸಿಕ್ಕಿಬಿದ್ದ ಗಾಡಿ ಎಳೆಯುವಾಗ ಹಗ್ಗದ ಹತ್ತಿರ ಯಾರೂ ನಿಲ್ಲಬಾರದು. ಬಿಗಿದ ಹಗ್ಗ ಅಥವಾ ಕೊಕ್ಕೆ ಕಡಿದು ಬಂದರೆ ಅದು ಗುಂಡಿನಂತೆ. ಮಕ್ಕಳನ್ನು ದೂರ ಕಳುಹಿಸಿ.

• ಬಾಡಿಗೆ ಗಾಡಿಯಾದರೆ ಕರಾರು ಓದಿ. ಕಚ್ಚಾ ದಾರಿಯಲ್ಲಿ ಮತ್ತು ನೀರಿನಲ್ಲಿ ಆದ ಹಾನಿಗೆ ಹಲವು ಬಾಡಿಗೆ ಕರಾರುಗಳಲ್ಲಿ ವಿಮೆ ಸಿಗುವುದಿಲ್ಲ.

• ಶುಕ್ರವಾರಕ್ಕಿಂತ ಶನಿವಾರ ಹೊರಡುವುದು ಒಳ್ಳೆಯದು. ಜುಮಾಕ್ಕೆ ತಲುಪುವ ಆತುರದಲ್ಲಿ ಬೆಟ್ಟ ಇಳಿಯುವಂತಾಗಬಾರದು. ಕತ್ತಲಾಗುವ ಮುನ್ನ ಡಾಮರು ರಸ್ತೆ ಸೇರಿರಬೇಕು.

ಊಟದ ವಿಷಯದಲ್ಲಿ ನಮ್ಮ ಗೃಹಿಣಿಯರಿಗೆ ಹೇಳಿಕೊಡಬೇಕಾಗಿಲ್ಲ. ಅಕ್ಕಿ ರೊಟ್ಟಿ, ಕೋಳಿ ಸುಕ್ಕ, ಫ್ಲಾಸ್ಕಿನಲ್ಲಿ ಚಹಾ ಇದ್ದೇ ಇರುತ್ತದೆ. ಆದರೆ ತಿರುವು ಇಳಿಯುವ ಮೊದಲು ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಬೇಡಿ, ವಾಂತಿಯಾಗುತ್ತದೆ. ಕುಡಿಯುವ ನೀರು ಬೇಕೆನಿಸಿದ್ದಕ್ಕಿಂತ ಎರಡು ಪಟ್ಟು ಇರಲಿ. ಗರ್ಭಿಣಿಯರು ಮತ್ತು ಬೆನ್ನುನೋವಿನವರು ಈ ಹಾದಿಯನ್ನು ಬಿಟ್ಟು ಡಾಮರು ರಸ್ತೆಯ ಪ್ರವಾಸ ಆರಿಸಿಕೊಳ್ಳಲಿ.

ಅದು ಯಾರದೋ ಅಂಗಳ

ಬಿಲಾದ್ ಸೈತ್‌ನ ಹಳ್ಳಿ ದೂರದಿಂದ ಚಿತ್ರದಂತೆ ಕಾಣುತ್ತದೆ. ಬೆಟ್ಟಕ್ಕೆ ಅಂಟಿಕೊಂಡ ಮಣ್ಣಿನ ಬಣ್ಣದ ಮನೆಗಳು, ಕೆಳಗೆ ಮೆಟ್ಟಿಲು ಮೆಟ್ಟಿಲಾದ ಗದ್ದೆಗಳು, ಖರ್ಜೂರದ ಮರಗಳು. ಇಷ್ಟು ಹಸಿರಿಗೆ ಕಾರಣ ಫಲಜ್ ಎಂಬ ನೀರಿನ ಕಾಲುವೆ. ಬೆಟ್ಟದ ಒಸರಿನ ನೀರನ್ನು ಇಳಿಜಾರಿನ ಲೆಕ್ಕದಲ್ಲೇ ಊರಿಗೆ ತರುವ ಈ ವ್ಯವಸ್ಥೆ ಒಮಾನಿನಲ್ಲಿ ಬಹು ಪುರಾತನ. ಇಂತಹ ಐದು ಫಲಜ್‌ಗಳನ್ನು ಯುನೆಸ್ಕೋ 2006ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲೊಂದು ಬಿರ್ಕತ್ ಅಲ್ ಮೌಝ್‌ನಲ್ಲಿದೆ. ಫಲಜ್‌ನ ನೀರಿಗೆ ಕ್ರಮವಿದೆ. ಮೊದಲು ಕುಡಿಯಲು, ಆಮೇಲೆ ಮಸೀದಿಗೆ ಮತ್ತು ಸ್ನಾನಕ್ಕೆ, ಕೊನೆಗೆ ಗದ್ದೆಗೆ ಸರದಿಯಂತೆ. ಇಂಥ ನೀರಿನಲ್ಲಿ ನೀವು ಬಿರಿಯಾನಿಯ ಪಾತ್ರೆ ತೊಳೆದರೆ ಆ ಊರಿನವರಿಗೆ ಹೇಗನಿಸಬಹುದು?

ಗಾಡಿಯನ್ನು ಊರ ಹೊರಗೆ ನಿಲ್ಲಿಸಿ ನಡೆದು ಹೋಗಿ. ಸಲಾಂ ಹೇಳಿ. ಮಹಿಳೆಯರ, ಮನೆಯಂಗಳದ ಫೋಟೋ ತೆಗೆಯಬೇಡಿ. ನಮ್ಮ ಮನೆಯ ಬಾವಿಕಟ್ಟೆಯಲ್ಲಿ ನಿಂತು ಅಪರಿಚಿತರು ಕ್ಯಾಮರಾ ಹಿಡಿದರೆ ನಾವು ಸಹಿಸುತ್ತೇವೆಯೇ? ಪ್ಲಾಸ್ಟಿಕ್ ಬಾಟಲಿ, ಮೂಳೆ, ಮಕ್ಕಳ ಡೈಪರ್ ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಮರಳಿ ತನ್ನಿ. ಬೆಟ್ಟದ ಮೇಲಿನ ಜುನಿಪರ್ ಮರಗಳು ಬಹಳ ನಿಧಾನವಾಗಿ ಬೆಳೆಯುವಂಥವು. ಸೌದೆಗೆಂದು ಒಂದು ಕೊಂಬೆಯನ್ನೂ ಮುರಿಯಬೇಡಿ. ಅಳಿವಿನಂಚಿನ ಅರೇಬಿಯನ್ ತಾರ್ ಎಂಬ ಕಾಡು ಮೇಕೆಗೆ ಈ ಬೆಟ್ಟಗಳೇ ಆಸರೆ.

ಊರಿಗೆ ರಜೆಯಲ್ಲಿ ಬಂದಾಗಲೂ ಇದೇ ಮಾತು ಅನ್ವಯ. ಮಡಿಕೇರಿ ಬಳಿಯ ಮಾಂದಲಪಟ್ಟಿಗೆ, ಕೊಡಚಾದ್ರಿಗೆ ಬಾಡಿಗೆ ಜೀಪುಗಳು ಹತ್ತುತ್ತವೆ. 2008ರ 'ಗಾಳಿಪಟ' ಚಿತ್ರದ ನಂತರ ಮಾಂದಲಪಟ್ಟಿಗೆ ಜನಸಾಗರವೇ ಹರಿದು ಬರತೊಡಗಿತು. ಜೀಪಿನವರಿಗೆ ಹೆಚ್ಚು ಜನರನ್ನು ತುಂಬಿಸಲು ನೀವೇ ಒತ್ತಾಯಿಸಬೇಡಿ. ದಾರಿ ಬಿಟ್ಟು ಹುಲ್ಲಿನ ಮೇಲೆ ಓಡಿಸಲು ಹೇಳಬೇಡಿ. ಬೆಟ್ಟದ ಹುಲ್ಲು ಮಳೆನೀರನ್ನು ಹಿಡಿದಿಡುವ ಬಟ್ಟೆ ಇದ್ದಂತೆ. ಚಕ್ರದ ಒಂದು ಗೀರು ಮುಂದಿನ ಮಳೆಗೆ ಕಾಲುವೆಯಾಗುತ್ತದೆ. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದು ಮನೆ ತೋಟಗಳನ್ನು ಹೊತ್ತೊಯ್ದುದನ್ನು ಕಂಡ ನಾವು ಬೆಟ್ಟದ ಮೈಯನ್ನು ಗೀರುವ ಮುನ್ನ ಯೋಚಿಸಬೇಕು.

ಮುಂದಿನ ರಜೆಗೆ ನೀವು ಬೆಟ್ಟಕ್ಕೆ ಹೊರಟಿದ್ದರೆ ಹಿಂದಿನ ರಾತ್ರಿ ಎಲ್ಲರೂ ಒಂದು ಮನೆಯಲ್ಲಿ ಸೇರಿ. ಹವಾಮಾನ ನೋಡಿ, ಟೈರು ನೋಡಿ, ನೀರು ತುಂಬಿಸಿ. ಯಾರು ಮುಂದೆ, ಯಾರು ಕೊನೆಯಲ್ಲಿ ಎಂದು ಮಾತಾಡಿಕೊಳ್ಳಿ. ಆಮೇಲೆ ಮಕ್ಕಳನ್ನೂ ಹತ್ತಿರ ಕರೆದು ಹೇಳಿ: "ನಾಳೆ ನಿಮಗೆ ಹೆದರಿಕೆಯಾದರೆ ಬಾಯಿ ಬಿಟ್ಟು ಹೇಳಬೇಕು, ಯಾರೂ ನಗುವುದಿಲ್ಲ." ಮರಳಿದ ಮೇಲೆ ಕಣಿವೆಯ ತಿರುವುಗಳನ್ನು ಅವರು ಮರೆತರೂ ಮರೆತಾರು. ತಮ್ಮ ಮಾತಿಗೆ ಅಪ್ಪ ಗಾಡಿ ನಿಲ್ಲಿಸಿದ್ದನ್ನು ಮರೆಯುವುದಿಲ್ಲ.